ಕಾಲು ಮುಟ್ಟಿದ ಮೇಲೆ

ನಮ್ಮ ಜಮಖಂಡಿ, ಮುಧೋಳದ ಕಡೆ ವಿಜಯದಶಮಿಯ ಸಂಜೆ ಬನ್ನಿ ಮುಡಿದು ಬಂದ ಮೇಲೆ ಓಣಿಯ ಹುಡುಗರು, ಹುಡುಗಿಯರು ಹೊಸ ಬಟ್ಟೆ ತೊಟ್ಟು ಮನೆ ಮನೆಗೆ ಹೋಗುತ್ತಾರೆ. ಹಿರಿಯರ ಕೈಯಲ್ಲಿ ಬನ್ನಿ ಎಲೆ ಇಟ್ಟು ‘ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ’ ಎಂದು ಕಾಲು ಮುಟ್ಟುತ್ತಾರೆ. ಸಂಕ್ರಾಂತಿ ಬಂತೆಂದರೆ ಕುಸುರೆಳ್ಳು ಕೊಟ್ಟು ಮತ್ತೊಮ್ಮೆ. ಪರೀಕ್ಷೆಗೆ ಹೋಗುವಾಗ, ನೌಕರಿಯ ಆರ್ಡರು ಬಂದಾಗ, ಮದುವೆಯ ಹಂದರದಲ್ಲಿ, ಹೊಸ ಗಾಡಿಯ ಗಾಲಿಗೆ ಲಿಂಬೆಹಣ್ಣು ಇಟ್ಟಾಗ ಕೂಡ ಹಿರಿಯರ ಕಾಲು ನಮಗೆ ಬೇಕು. ಕಾಲು ಮುಟ್ಟುವುದರಲ್ಲಿ ನಮ್ಮನ್ನು ಮೀರಿಸುವವರು ಇಲ್ಲ ಎಂದು ಧಾರಾಳವಾಗಿ ಹೇಳಬಹುದು.

ನನಗೆ ಈ ಪದ್ಧತಿಯ ಮೇಲೆ ಸಿಟ್ಟೇನೂ ಇಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವಳು ನಾನು, ನನ್ನ ಕಾಲನ್ನೂ ಸಾಕಷ್ಟು ಮಕ್ಕಳು ಮುಟ್ಟಿದ್ದಾರೆ. ಆದರೆ ಐವತ್ತು ದಾಟಿ, ಅರವತ್ತರ ಕಡೆ ಹೆಜ್ಜೆ ಬೀಳತೊಡಗಿದ ಮೇಲೆ ಒಂದು ಪ್ರಶ್ನೆ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಕಾಲು ಮುಟ್ಟಿ ಎದ್ದ ಮೇಲೆ ನಾವು ಆ ಹಿರಿಯರ ಜೊತೆ ಏನು ಮಾತಾಡುತ್ತೇವೆ? ‘ಹೆಂಗದೀರಿ ಆಯಿ’ ಎನ್ನುತ್ತೇವೆ. ‘ಅದೀನವ್ವ’ ಎನ್ನುತ್ತಾಳೆ ಆಕೆ. ಅಲ್ಲಿಗೆ ಮುಗಿಯಿತು. ಮುಂದಿನ ಮಾತೆಲ್ಲ ಆಕೆಯ ತಲೆಯ ಮೇಲಿನಿಂದ ಹಾದು ಹೋಗುತ್ತದೆ. ಆಕೆಯ ಔಷಧದ ಬಗ್ಗೆ ಮಗನನ್ನು ಕೇಳುತ್ತೇವೆ, ಆಕೆಯ ಊಟದ ಬಗ್ಗೆ ಸೊಸೆಯನ್ನು ಕೇಳುತ್ತೇವೆ. ಆಕೆ ಅಲ್ಲೇ ಗೋಡೆಗೆ ಆನಿಸಿ ಕೂತಿರುತ್ತಾಳೆ.

ನಮ್ಮ ಮನೆಯಲ್ಲೇ ನಡೆದ ಮಾತು ಹೇಳುತ್ತೇನೆ. ನಮ್ಮ ಅತ್ತಿಗೆ ಈಗ ಎಂಬತ್ತನಾಲ್ಕು ವರ್ಷ. ರಬಕವಿಯ ನೇಕಾರರ ಮನೆತನ. ಮಾವನವರು ಹೋದ ವರ್ಷ, ಹದಿಮೂರು ದಿನದ ಕಾರ್ಯ ಮುಗಿದ ಮೇಲೆ ಗಂಡಸರೆಲ್ಲ ಪಡಸಾಲೆಯಲ್ಲಿ ಕೂತು ಲೆಕ್ಕ ಹಾಕಿದರು. ಮೂವರು ಮಕ್ಕಳು: ಒಬ್ಬರು ಪುಣೆಯಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ, ನಾವು ಜಮಖಂಡಿಯಲ್ಲಿ. ತಲಾ ನಾಲ್ಕು ತಿಂಗಳ ಪಾಳಿ ಹಚ್ಚಿದರೆ ವರ್ಷ ಸರಿಯಾಗಿ ತುಂಬುತ್ತದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ರಬಕವಿಯ ಮನೆಗೆ ಬೀಗ ಹಾಕುವುದೆಂದೂ ಅದೇ ಉಸಿರಿನಲ್ಲಿ ಗೊತ್ತಾಯಿತು. ಅತ್ತಿ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು: ‘ನಾ ಏನ್ ದೇವರ ಪಲ್ಲಕ್ಕಿ ಏನಪಾ, ಊರೂರು ಹೊತ್ಕೊಂಡು ತಿರಗಾಕ?’

ಎಲ್ಲರೂ ನಕ್ಕರು. ಆದರೆ ಆ ಮಾತಿನ ಹಿಂದಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಆ ರಾತ್ರಿ ನಾನು ಅವರ ಹಾಸಿಗೆಯ ಹತ್ತಿರ ಕೂತು ಕೇಳಿದೆ: ‘ಅತ್ತೀ, ನಿಮಗೇನ್ ಬೇಕ್ರಿ?’ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಎಷ್ಟು ವರ್ಷಕ್ಕ ಈ ಮಾತು ಕೇಳಿದಿ ನೋಡವ್ವ. ಏನ್ ಬೇಕು ಅಂತ ನನಗ ಯಾರೂ ಕೇಳೇ ಇಲ್ಲ. ಲಗ್ನ ಮಾಡುವಾಗ್ಲೂ ಕೇಳಲಿಲ್ಲ, ಈಗೂ ಕೇಳಲಿಲ್ಲ’ ಎಂದರು. ಅವರಿಗೆ ಬೇಕಾದದ್ದು ಮೂರೇ ಸಾಮಾನು: ರಬಕವಿಯ ಮನೆಯ ಮುಂದಿನ ಕಟ್ಟೆ, ತಮ್ಮ ಟ್ರಂಕಿನ ಕೀಲಿ ತಮ್ಮ ಸೆರಗಿನಲ್ಲೇ ಇರುವುದು, ಬ್ಯಾಂಕಿನ ಪಾಸ್‌ಬುಕ್ಕು ತಮ್ಮ ಕೈಯಲ್ಲೇ ಇರುವುದು. ಬಂಗಾರ ಕೇಳಲಿಲ್ಲ, ಸೇವೆ ಕೇಳಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ‘ಹಿಂದಿನ ಕಾಲದಲ್ಲಿ ಹಿರಿಯರಿಗೆ ಎಷ್ಟು ಮರ್ಯಾದೆ ಇತ್ತು, ಈಗಿನವರು ಕೆಟ್ಟರು’ ಎಂದು ಭಾಷಣಗಳಲ್ಲಿ ಕೇಳುತ್ತೇವಲ್ಲ, ಅದನ್ನು ನಾನು ಪೂರ್ತಿ ಒಪ್ಪುವವಳಲ್ಲ. ಆ ಕಾಲದಲ್ಲಿ ಮರ್ಯಾದೆ ಇದ್ದದ್ದು ಕೀಲಿಗೊಂಚಲು ಹಿಡಿದ ಕೈಗೆ, ಹೊಲದ ಉತಾರೆಯಲ್ಲಿದ್ದ ಹೆಸರಿಗೆ. ಅತ್ತೆ ಪಡಸಾಲೆಗೆ ಬಂದರೆ ಸೊಸೆ ಎದ್ದು ನಿಲ್ಲುತ್ತಿದ್ದಳು, ನಿಜ. ಅದರಲ್ಲಿ ಗೌರವ ಎಷ್ಟಿತ್ತು, ಅಂಜಿಕೆ ಎಷ್ಟಿತ್ತು ಎಂದು ನಿಂತವಳನ್ನು ಕೇಳಿದರೆ ಗೊತ್ತಾಗುತ್ತಿತ್ತು. ಅದೇ ಮನೆಯ ಹಿತ್ತಲ ಕೋಣೆಯಲ್ಲಿ ಗಂಡ ಸತ್ತ, ಮಕ್ಕಳಿಲ್ಲದ ಮುದುಕಿಯೊಬ್ಬಳು ಇರುತ್ತಿದ್ದಳು. ಆಕೆಗೂ ವಯಸ್ಸಾಗಿತ್ತು, ಆಕೆಗಾಗಿ ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಶುಭಕಾರ್ಯದ ದಿನ ಎದುರಿಗೆ ಬರಬೇಡ ಎನ್ನುತ್ತಿದ್ದರು. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆ ಹುಟ್ಟಿದ್ದೇ ಈ ಅಂಜಿಕೆಯಿಂದ. ಈ ಗಾದೆಯ ಪ್ರಕಾರ ಪ್ರತಿಯೊಬ್ಬಳೂ ತನ್ನ ಪಾಳಿಗಾಗಿ ಕಾಯಬೇಕು, ಪಾಳಿ ಮುಗಿದ ಮೇಲೆ ಮೂಲೆ ಸೇರಬೇಕು. ನಮಗೆ ಬೇಕಾದದ್ದು ಆ ಹಳೆಯ ಅಂಜಿಕೆಯಲ್ಲ. ಅಂಜಿಕೆ ಹೋಗಲಿ, ಮರ್ಯಾದೆ ಉಳಿಯಲಿ ಎಂಬುದೇ ನನ್ನ ಮಾತು. ಅದಕ್ಕೆ ಕಾಲು ಮುಟ್ಟಿದರೆ ಸಾಲದು, ಕೇಳಬೇಕು.

ನನ್ನ ತವರು ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಈಗ ಆ ಹಳ್ಳಿ ನೀರಿನಲ್ಲಿದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಆಣೆಕಟ್ಟೆ ದಶಕಗಳ ಮೇಲೆ ಎದ್ದು ನಿಂತಿತು. ಹಿನ್ನೀರು ಬಂದಾಗ ನಮ್ಮಂಥ ಎಷ್ಟೋ ಹಳ್ಳಿಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದವು. ಬಾಗಲಕೋಟೆ ಪಟ್ಟಣವೇ ಅರ್ಧ ನವನಗರಕ್ಕೆ ಸರಿಯಿತು. ನೀರು ಬೇಕಾದ ಹೊಲಗಳಿಗೆ ನೀರು ಸಿಕ್ಕಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಆಯಿಯ ಸಂಗತಿ ಬೇರೆ. ಪರಿಹಾರದ ಕಾಗದ ಬಂದಾಗ ಮನೆಯವರು ಆಕೆಯ ಹೆಬ್ಬೆಟ್ಟು ಕೇಳಿದರು, ಆಕೆಯ ಮಾತು ಕೇಳಲಿಲ್ಲ. ಯಾವ ಪ್ಲಾಟು, ಯಾರ ಮನೆಯ ಬಾಜು, ಬಾಗಿಲು ಯಾವ ದಿಕ್ಕಿಗೆ ಎಂಬುದನ್ನೆಲ್ಲ ಗಂಡು ಮಕ್ಕಳೇ ತೀರ್ಮಾನಿಸಿದರು. ಹಳೆಯ ಮನೆಯ ತೊಲೆ, ಬಾಗಿಲು, ಒಳಕಲ್ಲು ಎಲ್ಲ ಟ್ರ್ಯಾಕ್ಟರಿನಲ್ಲಿ ಬಂದವು. ಆಯಿಯೂ ಬಂದಳು. ಹೊಸ ಜಾಗದಲ್ಲಿ ಮನೆಗಳು ಗೆರೆ ಕೊರೆದ ಹಾಗೆ ನಿಂತಿದ್ದವು. ‘ಇಲ್ಲಿ ಓಣಿ ಇಲ್ಲವಾ, ಬರೇ ಲೈನ್ ಅದಾವ’ ಎಂದಳು. ಐವತ್ತು ವರ್ಷ ಜೊತೆಗೆ ರೊಟ್ಟಿ ಬಡಿದ, ಹಪ್ಪಳ ಹಾಕಿದ ಗೆಳತಿಯರ ಮನೆ ಈಗ ನಾಲ್ಕು ಲೈನಿನ ಆಚೆ. ಮಂಡಿನೋವಿನ ಕಾಲಿಗೆ ಅದು ಬೇರೆ ಊರಿದ್ದ ಹಾಗೆ. ‘ನಮ್ಮಿಬ್ಬರನ್ನ ಬಾಜೂಕ ಹಾಕ್ರಿ’ ಎಂದು ಆಕೆ ಹೇಳುತ್ತಿದ್ದಳು, ಕೇಳಿದ್ದರೆ. ಎರಡು ವರ್ಷ ಬದುಕಿದಳು. ವಯಸ್ಸಾಗಿತ್ತು ಎಂದರು ಎಲ್ಲರೂ.

ಆ ಹಳ್ಳಿ ಮುಳುಗುವುದಕ್ಕೆ ಮೊದಲು, ಸುಗ್ಗಿ ಮುಗಿದ ಮೇಲೆ ನಮ್ಮಲ್ಲಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ಬಂದು, ಮನೆಯ ಮುಂದೆ ನಿಂತು ವಂಶಾವಳಿ ಹೇಳುವುದು ಅವರ ವೃತ್ತಿ. ಅಪ್ಪ, ಅಜ್ಜ, ಮುತ್ತಜ್ಜ, ಅವನ ಅಪ್ಪ ಎಲ್ಲಿಂದ ಬಂದ, ಯಾವ ಊರಲ್ಲಿ ಎಷ್ಟು ದಿನ ಇದ್ದ ಎಂದು ಒಂದೂ ತಪ್ಪದೆ ಹೇಳಿ, ಕಾಳು ಕಡಿ, ಬಟ್ಟೆ ಬರೆ ಪಡೆದು ಹೋಗುತ್ತಿದ್ದರು. ಮಕ್ಕಳಾದ ನಮಗೆ ಅದು ದೊಡ್ಡ ಸೋಜಿಗ. ಒಮ್ಮೆ ಆಯಿ ಬಾಗಿಲ ಸಂದಿಯಿಂದಲೇ, ‘ಹೆಳವಪ್ಪಾ, ಇವರನ್ನೆಲ್ಲಾ ಹಡದವರ ಹೆಸರು ಹೇಳಲ್ಲಲ್ಲೋ’ ಎಂದಿದ್ದಳು. ಹೆಳವ ನಕ್ಕು, ‘ಅದನ್ನ ನೀವs ಹೇಳಬೇಕ್ರೆವ್ವ’ ಎಂದ. ಆ ಮಾತು ಈಗ ನನಗೆ ಅರ್ಥವಾಗುತ್ತದೆ. ಗಂಡಸರ ವಂಶ ಹೇಳಲು ಹೆಳವರಿದ್ದಾರೆ, ಉತಾರೆಯ ಕಾಗದವಿದೆ. ಹೆಂಗಸರ ವಂಶ ಮುದುಕಿಯರ ನೆನಪಿನಲ್ಲಿ ಮಾತ್ರ ಇದೆ. ನನ್ನ ಅಜ್ಜಿಯ ಅಜ್ಜಿಯ ಹೆಸರು ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆಯೇ? ನಮ್ಮ ಅತ್ತಿಗೆ ಅವರ ಕಡೆಯ ಐದು ತಲೆಯ ಹೆಸರು ಗೊತ್ತಿದೆ. ಅದನ್ನು ನನ್ನ ಮಗಳು ಮೊನ್ನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಹಿರಿಯರು ಹೇಳುವುದೆಲ್ಲ ಹಳೆಯ ಕಾಲದ ಮಾತು, ಈಗಿನ ಕಾಲಕ್ಕೆ ಅದರಿಂದ ಏನುಪಯೋಗ ಎನ್ನುವವರಿದ್ದಾರೆ. ಅವರಿಗೆ 2019ರ ಆಗಸ್ಟಿನ ಸಂಗತಿ ಹೇಳುತ್ತೇನೆ. ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಬಂದು ನಮ್ಮ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲೂಕಿನ ನದಿ ದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತಿದ್ದವು. ಶಾಲೆಗಳೆಲ್ಲ ಪರಿಹಾರ ಕೇಂದ್ರಗಳಾಗಿದ್ದವು, ನಮಗೆ ಅಲ್ಲಿಯೇ ಡ್ಯೂಟಿ. ಘಟಪ್ರಭೆಯ ದಂಡೆಯ ಒಂದು ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಹೇಳಿದಳು. ಅವರ ಮನೆಯ ಆಯಿ ಹಿಂದಿನ ದಿನ ಮಧ್ಯಾಹ್ನವೇ ಹೊಳೆಯ ದಂಡೆಯ ಗುಡಿಗೆ ಹೋಗಿ ಮುಳುಗಿದ ಮೆಟ್ಟಿಲು ಎಣಿಸಿ ಬಂದು, ‘ಹೊತ್ತು ಮುಳುಗೂದ್ರಾಗ ದನಾ ಮ್ಯಾಲಿನ ಹೊಲಕ್ಕ ಹೊಡೀರಿ, ಮುಂಜಾನೆ ಓಣ್ಯಾಗ ನೀರು ಬರ್ತೈತಿ’ ಎಂದಳಂತೆ. ಗಂಡಸರು ಮೊಬೈಲು ನೋಡುತ್ತ, ಇನ್ನೂ ಎಷ್ಟು ನೀರು ಬಿಟ್ಟಾರು ಎಂದು ಚರ್ಚೆ ಮಾಡುತ್ತಿದ್ದರು. ಸೊಸೆ ಮಾತ್ರ ಅತ್ತೆಯ ಮಾತು ಕೇಳಿ ಎರಡು ಎಮ್ಮೆ, ಒಂದು ಆಕಳನ್ನು ಹೊಡೆದುಕೊಂಡು ಹೋದಳು. ದನ ಉಳಿದವು. ಸರಕಾರದ ಮುನ್ಸೂಚನೆ ಬೇಡವೆಂದಲ್ಲ, ಅದು ಬೇಕೇ ಬೇಕು. ಆದರೆ ಆ ಗುಡಿಯ ಎಷ್ಟನೆಯ ಮೆಟ್ಟಿಲಿಗೆ ನೀರು ಬಂದರೆ ತಮ್ಮ ಓಣಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅರವತ್ತು ಮಳೆಗಾಲ ಅಲ್ಲೇ ಕಂಡ ಕಣ್ಣಿಗೆ ಮಾತ್ರ ಗೊತ್ತಿರುತ್ತದೆ.

ಆ ಮಹಾಪೂರದ ನಂತರ ನಾನು ಶಾಲೆಯಲ್ಲಿ ಒಂದು ಹೊಸ ಮನೆಪಾಠ ಹಚ್ಚಿದೆ. ಅಕ್ಟೋಬರ್ 1 ಹಿರಿಯರ ದಿನ ಎಂದು ವಿಶ್ವಸಂಸ್ಥೆ 1990ರಲ್ಲಿ ಗೊತ್ತು ಮಾಡಿತು. ಆ ದಿನ ಶಾಲೆಯಲ್ಲಿ ಭಾಷಣ ಇರುತ್ತದೆ. ಭಾಷಣದ ಬದಲು ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಹೇಳಿದೆ: ‘ನಿಮ್ಮ ಮನೆಯ ಅಥವಾ ಓಣಿಯ ಅತಿ ಹಿರಿಯರ ಹತ್ತಿರ ಹೋಗಿ, ಪಾಠದ ಪುಸ್ತಕದಲ್ಲಿ ಉತ್ತರ ಸಿಗದ ಒಂದು ಪ್ರಶ್ನೆ ಕೇಳಿ ಬರ್ರಿ.’

ಏನೇನು ಬಂದವೆಂದರೆ! ಬನಹಟ್ಟಿಯ ಒಬ್ಬ ಹುಡುಗ ತನ್ನ ಮುತ್ಯಾನಿಂದ, ರಬಕವಿ ಸಾಂಗಲಿ ಸಂಸ್ಥಾನಕ್ಕೆ, ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತೆಂದು ತಿಳಿದು ಬಂದ. ಒಂದೇ ಊರಿನ ಹಾಗೆ ಕೂಡಿಕೊಂಡಿರುವ ಎರಡು ಊರಿಗೆ 1948ರವರೆಗೆ ಇಬ್ಬರು ರಾಜರು! ಇನ್ನೊಬ್ಬಳು 1972ರ ಬರಗಾಲದಲ್ಲಿ ತನ್ನ ಅಜ್ಜಿ ರಸ್ತೆಗೆ ಜಲ್ಲಿ ಒಡೆದದ್ದನ್ನು, ಕೂಲಿಯ ಕಾಳಿನಲ್ಲಿ ಮಕ್ಕಳಿಗೆ ಅಂಬಲಿ ಮಾಡಿ ತಾನು ಬರೀ ನೀರು ಕುಡಿದದ್ದನ್ನು ಬರೆದು ತಂದಳು. ‘ಟೀಚರ್, ನಮ್ಮ ಅಮ್ಮ ಹೇಳುವಾಗ ಅಳಲಿಲ್ಲ, ನಾ ಬರೆಯುವಾಗ ಅತ್ತೆ’ ಎಂದಳು. ಮತ್ತೊಬ್ಬ ಹಾಲು ತುಂಬಿದ ಜೋಳದ ತೆನೆಯನ್ನು ಯಾವ ದಿನ ಮುರಿದರೆ ಸೀತನಿ ರುಚಿಯಾಗುತ್ತದೆ ಎಂದು ಒಂದು ಪುಟ ತುಂಬಿಸಿದ್ದ. ಒಬ್ಬ ಹುಡುಗಿಯ ಪ್ರಶ್ನೆ ಎಲ್ಲಕ್ಕಿಂತ ಸಣ್ಣದು: ‘ಆಯಿ, ನಿನಗ ಯಾವ ಬಣ್ಣದ ಸೀರಿ ಇಷ್ಟ?’ ಉತ್ತರ: ‘ಹಸರು. ನಿಮ್ಮ ಮುತ್ಯಾ ಹೋದ ಮ್ಯಾಲೆ ಉಟ್ಟಿಲ್ಲ.’ ಆ ದೀಪಾವಳಿಗೆ ಆ ಮನೆಯಲ್ಲಿ ಆಯಿಗೆ ಹಸಿರು ಸೀರೆ ಬಂತೆಂದು ಆಮೇಲೆ ತಿಳಿಯಿತು.

ಕೇಳುವವರು ಬಂದರೆ ಹಿರಿಯರು ಏನಾಗಬಲ್ಲರು ಎಂಬುದಕ್ಕೆ ನಮ್ಮ ನಾಡಿನಲ್ಲೇ ದೊಡ್ಡ ಸಾಕ್ಷಿಗಳಿವೆ. ಅಂಕೋಲೆಯ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರು ಓದು ಬರಹ ಕಲಿತವರಲ್ಲ. ತಾಯಿಯಿಂದ ಕಲಿತ ಹಾಡುಗಳನ್ನು ರಾಶಿ ರಾಶಿಯಾಗಿ ನೆನಪಿನಲ್ಲಿ ಇಟ್ಟುಕೊಂಡಿದ್ದರು. ಅವರ ಜಗಲಿಗೆ ಹೋಗಿ ಕೂತು ಕೇಳಿದವರಿಂದ ಆ ಹಾಡುಗಳು ನಾಡಿಗೆ ತಿಳಿದವು. ತಮ್ಮ ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಎಬ್ಬಿಸಿದವರೂ ಅವರೇ. 2017ರಲ್ಲಿ ಪದ್ಮಶ್ರೀ ಬಂತು. ಅದೇ ಸಮುದಾಯದ, ಅದೇ ತಾಲೂಕಿನ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ಸೇರಿ, ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದನ್ನು ಕೈಯಿಂದಲೇ ಕಲಿತವರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳ ಎದುರು ಬರಿಗಾಲಲ್ಲಿ ನಡೆದು ಹೋಗಿ ಅವರು ಪ್ರಶಸ್ತಿ ಪಡೆದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರಬಹುದು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು.

2025ರ ಪದ್ಮಶ್ರೀ ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಹೆಸರಿತ್ತು. ತೊಗಲು ಗೊಂಬೆ ಆಡಿಸುವ ಅವರಿಗೆ ಆಗ 96 ವರ್ಷ. ಅದೇ ಪಟ್ಟಿಯಲ್ಲಿ ನಮ್ಮ ಬಾಗಲಕೋಟೆಯವರೇ ಆದ ಗೋಂಧಳಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರೂ ಇದ್ದರು. ಅವರೂ ಎಂಬತ್ತು ದಾಟಿದವರು. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೆಮ್ಮೆಪಟ್ಟೆವು, ಮೊಬೈಲಿನಲ್ಲಿ ಫೋಟೋ ಹಂಚಿಕೊಂಡೆವು. ಆಗ ನಮ್ಮ ಹಿರಿಯ ಸಹಶಿಕ್ಷಕಿಯೊಬ್ಬರು ಒಂದು ಮಾತು ಹೇಳಿದರು: ‘ಗೋಂಧಳ ಹಾಕಿಸಿದಾಗ ನಾವು ನಡುರಾತ್ರಿಗೆ ಎದ್ದು ಮಲಗಾಕ ಹೋಗ್ತಿದ್ವಿ. ಪ್ರಶಸ್ತಿ ಬಂದ ಮ್ಯಾಲೆ ನಮ್ಮವರು ಅಂತೀವಿ.’ ಯಾರೂ ಉತ್ತರ ಕೊಡಲಿಲ್ಲ. ದಿಲ್ಲಿಯವರು ಗುರುತಿಸುವ ಮೊದಲು ನಾವೇ ಗುರುತಿಸಿದರೆ ಆ ಹಿರಿಯರಿಗೂ ಚೆಂದ, ನಮಗೂ ಚೆಂದ.

ಮುಪ್ಪಿಗೆ ಕೆಲಸವೂ ಬೇಕು. ಈ ಮಾತನ್ನು ನಾನು ಕಲಿತದ್ದು ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ. ಕುಣಿಮಗ್ಗದ ಕಾಲದಲ್ಲಿ ಮಗ್ಗಕ್ಕೆ ಕೂತವನು ಒಬ್ಬನಾದರೂ ಸೀರೆ ನೇಯುತ್ತಿದ್ದುದು ಇಡೀ ಮನೆ. ಹಾಸು ಹೂಡುವುದು, ಗಂಜಿ ಹಚ್ಚುವುದು, ಎಳೆ ಕೂಡಿಸುವುದು, ಹೊಕ್ಕಿಗೆ ಕಂಡಿಕೆ ಸುತ್ತುವುದು. ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುವ ಕೆಲಸ ಬಹಳ ಮನೆಗಳಲ್ಲಿ ಮುದುಕಿಯರದು. ಕಂಡಿಕೆ ಇಲ್ಲದೆ ಲಾಳಿ ಓಡುವುದಿಲ್ಲ. ಹಾಗಾಗಿ ಎಂಬತ್ತು ವರ್ಷದ ಆಕೆ ಒಂದು ದಿನ ಮಲಗಿದರೆ ಮಗ್ಗವೂ ನಿಂತು, ಮನೆಗೆ ಆಕೆಯ ಬೆಲೆ ಗೊತ್ತಾಗುತ್ತಿತ್ತು. ವಿದ್ಯುತ್ ಮಗ್ಗಗಳು ಬಂದ ಮೇಲೆ ಓಣಿಯಲ್ಲಿ ಸಪ್ಪಳ ಹೆಚ್ಚಿತು, ಉತ್ಪನ್ನ ಹೆಚ್ಚಿತು, ಯಂತ್ರವೇ ಕಂಡಿಕೆ ಸುತ್ತತೊಡಗಿತು. ಅದು ಬೇಡವಿತ್ತು ಎಂದು ನಾನು ಹೇಳಲಾರೆ, ಕುಣಿಯಲ್ಲಿ ಕಾಲು ಇಳಿಬಿಟ್ಟು ದುಡಿದವರ ಸೊಂಟನೋವು ನಾನು ಕಂಡಿದ್ದೇನೆ. ಆದರೆ ರಾಟಿ ಅಟ್ಟಕ್ಕೆ ಹೋದ ದಿನ ಮುದುಕಿಗೆ ‘ನೀ ಇನ್ನ ಆರಾಮ ಕೂಡು’ ಎಂದರಲ್ಲ, ಆ ಆರಾಮದಷ್ಟು ಭಾರವಾದದ್ದು ಬೇರೆ ಇಲ್ಲ. ನಮ್ಮ ಅತ್ತಿಗೆ ಈಗಲೂ ನೂಲನ್ನು ಎರಡು ಬೆರಳ ನಡುವೆ ಹಿಡಿದು ಎಳೆದರೆ ಅದು ಗಟ್ಟಿಯೋ ಪೊಳ್ಳೋ ಎಂದು ತಿಳಿಯುತ್ತದೆ. ಬಾಜು ಮನೆಯ ಹುಡುಗ ನೂಲು ತಂದಾಗೆಲ್ಲ ಮೊದಲು ಅವರ ಕೈಗೆ ಕೊಟ್ಟು ನೋಡಿಸುತ್ತಾನೆ. ಅವನು ಅವರ ಕಾಲು ಮುಟ್ಟಿದ್ದನ್ನು ನಾನು ಕಂಡಿಲ್ಲ. ಆದರೆ ಅವನು ಬಂದ ದಿನ ಅತ್ತಿ ಒಂದು ರೊಟ್ಟಿ ಹೆಚ್ಚು ಉಣ್ಣುತ್ತಾರೆ.

ಹಿರಿಯರು ‘ಮಾತು ಕೇಳುವುದಿಲ್ಲ’ ಎಂದು ದೂರುವವರು ಮೊದಲು ಅವರ ಕಿವಿ ತೋರಿಸಿ ನೋಡಬೇಕು. ಅರ್ಧ ಹಟ ಎಂದು ನಾವು ತಿಳಿದದ್ದು ಕಿವುಡಾಗಿರುತ್ತದೆ, ಅರ್ಧ ಕೊಳಕು ಎಂದು ತಿಳಿದದ್ದು ಕಣ್ಣಿನ ಪೊರೆಯಾಗಿರುತ್ತದೆ. ಕಿರುಚಿ ಮಾತಾಡಬಾರದು. ಎದುರಿಗೆ, ಬೆಳಕಿನಲ್ಲಿ ಕೂತು, ಬಾಯಿ ಕಾಣುವಂತೆ ನಿಧಾನವಾಗಿ ಮಾತಾಡಿದರೆ ಬಹಳಷ್ಟು ಕೇಳಿಸುತ್ತದೆ. ಉಂಡದ್ದನ್ನೇ ಮರೆತು ಮತ್ತೆ ಕೇಳುವುದು, ಗೊತ್ತಿದ್ದ ದಾರಿ ತಪ್ಪುವುದು ಕಂಡರೆ ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಬಿಡದೆ ಡಾಕ್ಟರಿಗೆ ತೋರಿಸಬೇಕು. ಅದು ರೋಗ, ಸ್ವಭಾವವಲ್ಲ. ಅಂದ ಹಾಗೆ ಇದೇ ‘ಅರಳು ಮರಳು’ ಎಂಬುದನ್ನು ಬೇಂದ್ರೆಯವರು ತಮ್ಮ ಅರವತ್ತರ ಹೊತ್ತಿಗೆ ಬಂದ ಕವನ ಸಂಕಲನಕ್ಕೆ ಹೆಸರಾಗಿ ಇಟ್ಟರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಲೋಕ ಬುದ್ಧಿಭ್ರಮೆ ಎಂದು ಹಂಗಿಸುವ ಮಾತಿನಲ್ಲೇ ಮರಳಿ ಅರಳುವುದೂ ಇದೆ ಎಂದು ಕಂಡ ಕಣ್ಣು ಅದು.

ಮನೆಯೊಳಗೆ ಮಾತು ಕೇಳದೆ ಹೋದರೆ ಹೊರಗೆ ಕೇಳುವ ಬಾಗಿಲೊಂದಿದೆ ಎಂಬುದು ನಮ್ಮ ಹೆಂಗಸರಿಗೆ ಗೊತ್ತಿರಬೇಕು. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ 2007ರಲ್ಲಿ ಬಂತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಎದುರು ಅರ್ಜಿ ಕೊಡಬಹುದು. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರಿಗೆ ಆ ಕಚೇರಿ ಜಮಖಂಡಿಯಲ್ಲೇ ಇದೆ. ತಿಂಗಳಿಗೆ ಹತ್ತು ಸಾವಿರ ರೂಪಾಯಿಯವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅವರಿಗಿದೆ. ಇನ್ನೊಂದು ಮುಖ್ಯ ಮಾತು. ಮನೆ, ಹೊಲ ಮಕ್ಕಳ ಹೆಸರಿಗೆ ಬಕ್ಷೀಸು ಪತ್ರ ಮಾಡಿಕೊಡುವಾಗ ‘ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಲು ಇದೇ ಕಾಯಿದೆಯ 23ನೆಯ ಕಲಮು ದಾರಿ ಕೊಡುತ್ತದೆ. ಹಿರಿಯರ ಸಹಾಯವಾಣಿಯ ನಂಬರು 14567. ಯಾವ ತಾಯಿಗೂ ಮಗನ ಮೇಲೆ ಅರ್ಜಿ ಬರೆಯುವ ಗಳಿಗೆ ಬಾರದಿರಲಿ. ಆದರೆ ಹೆಬ್ಬೆಟ್ಟು ಒತ್ತುವ ಮೊದಲು ಕಾಗದದಲ್ಲಿ ಏನಿದೆ ಎಂದು ಓದಿಸಿ ಕೇಳುವುದು ಮಕ್ಕಳ ಮೇಲಿನ ಅಪನಂಬಿಕೆಯಲ್ಲ, ಎಚ್ಚರ.

ನಮ್ಮ ದೇಶದಲ್ಲಿ ಅರವತ್ತು ದಾಟಿದವರು 2011ರ ಜನಗಣತಿಯ ಹೊತ್ತಿಗೇ ಹತ್ತು ಕೋಟಿಗಿಂತ ಹೆಚ್ಚಿದ್ದರು. ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಸ್ವಲ್ಪ ಹೆಚ್ಚು. ಇನ್ನು ಮೂರು ವರ್ಷಕ್ಕೆ ನಾನೂ ಆ ಲೆಕ್ಕಕ್ಕೆ ಸೇರುತ್ತೇನೆ, ಅರವತ್ತಕ್ಕೆ ನಮ್ಮ ನೌಕರಿಯೂ ಮುಗಿಯುತ್ತದೆ. ನಲವತ್ತಾದ ಮೇಲೆ ಮೂಗಿಗೇರಿದ ಕನ್ನಡಕಕ್ಕೆ ನಮ್ಮ ಕಡೆ ‘ಚಾಳೀಸು’ ಎನ್ನುತ್ತಾರೆ. ಮರಾಠಿಯ ನಲವತ್ತರಿಂದ ಬಂದ ಮಾತು ಅದು. ಹೆಸರಿನಲ್ಲೇ ವಯಸ್ಸು ಹೇಳುವ ಆ ಕನ್ನಡಕವನ್ನು ನಾನು ಯಾವತ್ತೂ ಬಚ್ಚಿಡಲಿಲ್ಲ. ಆದರೆ ಕೂದಲಿನ ವಿಷಯ ಬಂದಾಗ ಓಣಿಯೆಲ್ಲ ಸಲಹೆ ಕೊಟ್ಟಿತು. ‘ಬಣ್ಣಾ ಹಚ್ಚರಿ ಟೀಚರ್, ಇಷ್ಟ್ ಲಗೂ ಮುದುಕಿ ಆಗಬ್ಯಾಡ್ರಿ’ ಎಂದರು. ಹಚ್ಚುವವರು ಹಚ್ಚಲಿ, ಅದರಲ್ಲಿ ತಪ್ಪಿಲ್ಲ. ನಾನು ಮಾತ್ರ ಒಂದು ವಿಚಾರ ಮಾಡಿದೆ. ‘ಮುದುಕಿ’ ಎಂಬುದು ಬೈಗುಳವಾದರೆ, ಮನೆಯಲ್ಲಿ ಕೂತಿರುವ ಅತ್ತಿಯನ್ನು ನಾನು ದಿನಾ ಬೈದ ಹಾಗಾಗುತ್ತದಲ್ಲವೇ? ನನ್ನ ಮುಪ್ಪಿಗೆ ನಾನೇ ನಾಚಿಕೊಂಡರೆ, ಇನ್ನೊಬ್ಬರ ಮುಪ್ಪಿಗೆ ಮರ್ಯಾದೆ ಕೊಡುವ ಬಾಯಿ ನನಗೆ ಎಲ್ಲಿಂದ ಬರಬೇಕು?

ಮುಪ್ಪು ಸುಖದ್ದು ಎಂದು ನಾನು ಸುಳ್ಳು ಹೇಳುವುದಿಲ್ಲ. ಮಂಡಿ ನೋಯುತ್ತವೆ, ನಿದ್ದೆ ಕಡಿಮೆಯಾಗುತ್ತದೆ, ಗೆಳತಿಯರು ಒಬ್ಬೊಬ್ಬರಾಗಿ ಹೋಗುತ್ತಾರೆ. ‘ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ’ ಎಂಬ ಗಾದೆಯನ್ನು ಅತ್ತಿ ಆಗಾಗ ಹೇಳುತ್ತಾರೆ. ಕಾಡು ಬಾ ಅನ್ನುವುದನ್ನು ಯಾರೂ ತಡೆಯಲಾರರು. ಊರು ಹೋಗು ಅನ್ನದ ಹಾಗೆ ನೋಡಿಕೊಳ್ಳುವುದು ಮಾತ್ರ ಊರಿನವರಾದ ನಮ್ಮ ಕೈಯಲ್ಲಿದೆ.

ಅತ್ತಿಯ ಪಾಳಿಯ ವಿಷಯ ಏನಾಯಿತು ಎಂದು ನೀವು ಕೇಳಬಹುದು. ಮೂವರು ಮಕ್ಕಳನ್ನೂ ಕೂಡಿಸಿ, ಅವರ ಎದುರಿಗೇ ಅವರ ತಾಯಿಯಿಂದ ಹೇಳಿಸಿದೆ. ಮಾತು ಬಿರುಸಾಯಿತು, ಒಂದು ದಿನ ಊಟ ತಡವಾಯಿತು. ಕೊನೆಗೆ ರಬಕವಿಯ ಮನೆಗೆ ಬೀಗ ಬೀಳಲಿಲ್ಲ. ಹಿಂದಿನ ಕೋಣೆಯಲ್ಲಿ ಒಂದು ನೇಕಾರ ಕುಟುಂಬ ಬಾಡಿಗೆಗಿದೆ, ರಾತ್ರಿ ಅವರು ಇರುತ್ತಾರೆ. ಮೂವರೂ ಮಕ್ಕಳು ತಿಂಗಳಿಗೆ ಇಷ್ಟೆಂದು ಪಾಸ್‌ಬುಕ್ಕಿಗೆ ಹಾಕುತ್ತಾರೆ. ಪಾಳಿ ಈಗಲೂ ಇದೆ, ಆದರೆ ತಿರುಗುವವರು ಅತ್ತಿಯಲ್ಲ, ಮಕ್ಕಳು. ನಾನು ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತುತ್ತೇನೆ. ಇದು ಎಲ್ಲ ಮನೆಗೂ ಹೊಂದುವ ಉಪಾಯ ಎಂದು ನಾನು ಹೇಳುವುದಿಲ್ಲ. ಹಾಸಿಗೆ ಹಿಡಿದವರಿಗೆ ಇದು ಆಗುವುದಿಲ್ಲ, ನಾಳೆ ಅತ್ತಿಗೇ ಆಗದಿರಬಹುದು. ಆಗ ಮತ್ತೆ ಅವರನ್ನೇ ಕೇಳಬೇಕು.

ಓದುವ ತಂಗಿಯರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಆಯಿ, ಒಬ್ಬ ಮುತ್ಯಾ ಇದ್ದರೆ ಇವತ್ತು ಸಂಜೆ ಕೆಲಸ ಮುಗಿಸಿ ಅವರ ಹತ್ತಿರ ಸ್ವಲ್ಪ ಹೊತ್ತು ಕೂಡಿರಿ. ‘ಹೆಂಗದೀರಿ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಅವರಿಗೂ ಗೊತ್ತು, ನಿಮಗೂ ಗೊತ್ತು. ಉತ್ತರ ನಿಮಗೆ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿರಿ. ಹೇಳುವುದಕ್ಕೆ ಅವರು ತಡಮಾಡಬಹುದು, ಬಹಳ ದಿನದಿಂದ ಯಾರೂ ಕೇಳಿರುವುದಿಲ್ಲ. ಅವಸರ ಮಾಡಬೇಡಿ, ಕಾಯಿರಿ.